ಕೊರೋನಾ ನೆರವಿನ ಚರ್ಚೆ: ಗ್ರೂಪಿನವರ ಗಮನಕ್ಕೆ

ಎಲ್ರಿಗೂ ನಮಸ್ಕಾರ. ಕೊರೋನಾ ಟೈಮಲ್ಲಿ ಸರ್ಕಾರಗಳು ಕೊಟ್ಟ ನೆರವಿಂದ ವ್ಯಾಪಾರಗಳು ಉಳಿದ್ವಾ ಇಲ್ವಾ ಅಂತ ನಿನ್ನೆಯಿಂದ ಚರ್ಚೆ ನಡೀತಿದೆ, ದಯವಿಟ್ಟು ಸಾಲವನ್ನೂ ಅನುದಾನವನ್ನೂ ಒಂದೇ ಲೆಕ್ಕಕ್ಕೆ ಹಾಕ್ಬೇಡಿ. ಷಟರ್ ಎಳ್ಕೊಂಡು ತಿಂಗಳುಗಟ್ಟಲೆ ಕೂತವರಿಗೆ ಬಾಡಿಗೆ, ಕರೆಂಟ್ ಬಿಲ್ಲು, ಕೆಲಸದವರ ಸಂಬಳ ಯಾವ್ದೂ ನಿಲ್ಲಲ್ಲ, ಅಂಥವರಿಗೆ ಮತ್ತೊಂದು ಸಾಲ ಕೊಟ್ರೆ ಬಾಗಿಲು ತೆಗೆದ್ಮೇಲೆ ಬಂದ ದುಡ್ಡೆಲ್ಲ ಕಂತಿಗೇ ಹೋಗುತ್ತೆ. ಜರ್ಮನಿಯಲ್ಲಿ ಕೆಲಸದ ಅವಧಿ ಕಡಿಮೆ ಮಾಡಿ, ಕಳ್ಕೊಂಡ ಸಂಬಳದ ದೊಡ್ಡ ಪಾಲನ್ನ ಸರ್ಕಾರದ ಕಡೆಯಿಂದ್ಲೇ ತುಂಬಿಕೊಟ್ರು, 2020ರ ಏಪ್ರಿಲ್‌ನಲ್ಲಿ ಸುಮಾರು 60 ಲಕ್ಷ ಜನ ಅದ್ರಲ್ಲಿದ್ರು, ಮತ್ತೆ ಕೆಲ್ಸ ಶುರುವಾದಾಗ ಪಳಗಿದ ಕೈಗಳನ್ನ ಹುಡುಕ್ಕೊಂಡು ಹೋಗೋ ಪಾಡು ತಪ್ತು, ನನಗೆ ಇದೇ ಸರಿಯಾದ ದಾರಿ ಅನ್ಸುತ್ತೆ. ಅಮೆರಿಕದ ಪಿಪಿಪಿ (ಪೇಚೆಕ್ ಪ್ರೊಟೆಕ್ಷನ್ ಪ್ರೋಗ್ರಾಂ, ಅಂದ್ರೆ ಕೆಲಸದವರಿಗೆ ಸಂಬಳ ಕೊಡೋಕೆ ಸಣ್ಣ ವ್ಯಾಪಾರಗಳಿಗೆ ಕೊಟ್ಟ ಸಾಲ) ಸ್ಕೀಮಲ್ಲಿ ಸಂಬಳಕ್ಕೆ ಖರ್ಚು ಮಾಡಿದ್ರೆ ಸಾಲ ಮನ್ನಾ, ಆದ್ರೆ ಮೊದಲ ಸುತ್ತಿನ ದುಡ್ಡು ಎರಡೇ ವಾರದಲ್ಲಿ ಖಾಲಿ, ಬ್ಯಾಂಕಲ್ಲಿ ಮೊದ್ಲೇ ವ್ಯವಹಾರ ಇದ್ದವರಿಗೆ ಬೇಗ ಸಿಕ್ತು, ತೀರಾ ಸಣ್ಣವರು ಹಿಂದೆ ಬಿದ್ರು. ತುಂಬಾ ಬೇಜಾರಾಗುತ್ತೆ, ಯಾಕಂದ್ರೆ ಎಲ್ಲಕ್ಕಿಂತ ಅರ್ಜೆಂಟ್ ಇದ್ದಿದ್ದು ಅವರಿಗೇ.

ಇನ್ಮೇಲೆ ಅನುಭವ ಹಾಕೋರು ಸಿಕ್ಕಿದ್ದು ಸಾಲವೋ ಅನುದಾನವೋ, ಅರ್ಜಿ ಕೊಟ್ಟು ಎಷ್ಟು ದಿನಕ್ಕೆ ದುಡ್ಡು ಬಂತು, ಇವೆರಡನ್ನ ತಪ್ಪದೇ ಬರೀರಿ. ಅಕೌಂಟ್ ನಂಬರ್, ಪಾಸ್‌ಬುಕ್ ಫೋಟೋ ಮಾತ್ರ ಯಾರೂ ಹಾಕ್ಬೇಡಿ.