ಹೆರಿಗೆ ನೋವಿಗೂ ಮದ್ದಿದೆ, ಮೊದಲೇ ಹೇಳಿ

ಸಂಪಾದಕರೇ,

ಹೆರಿಗೆ ನೋವು ಕಡಿಮೆ ಮಾಡಲು ಏನಾದರೂ ಇದೆಯಾ ಎಂದು ಕೇಳಿದರೆ "ನಾವೆಲ್ಲ ಹೆತ್ತಿಲ್ಲವಾ" ಎಂಬ ಉತ್ತರ ಮನೆಯಲ್ಲೂ ಸಿಗುತ್ತದೆ, ಹೆರಿಗೆ ವಾರ್ಡಿನಲ್ಲೂ ಸಿಗುತ್ತದೆ. ಇದೆ ಕಣ್ರೀ. 1853ರಲ್ಲೇ ವಿಕ್ಟೋರಿಯಾ ರಾಣಿ ಕ್ಲೋರೋಫಾರ್ಮ್ ತೆಗೆದುಕೊಂಡು ಹೆತ್ತಿದ್ದಳು! ಈಗ ಎಪಿಡ್ಯೂರಲ್ ಇದೆ. ಸೊಂಟದ ಹತ್ತಿರ ಬೆನ್ನಿಗೆ ಸಣ್ಣ ನಳಿಕೆ ಹಾಕಿ ಮದ್ದು ಬಿಡುತ್ತಾರೆ, ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಬಿಪಿ ಇಳಿಯಬಹುದು, ಮುಕ್ಕುವ ಹೊತ್ತು ಸ್ವಲ್ಪ ಜಾಸ್ತಿಯಾಗಬಹುದು, ಆದರೆ ಅದರಿಂದ ಸಿಸೇರಿಯನ್ ಹೆಚ್ಚುತ್ತದೆ ಎನ್ನುವುದು ಸುಮ್ನೆ ಹೆದರಿಕೆ. ಅರಿವಳಿಕೆ ವೈದ್ಯರು ಮಾತ್ರ ಇರಲೇಬೇಕು, ತೊಡಕು ಅಲ್ಲೇ. ಇನ್ನೊಂದು, ನೈಟ್ರಸ್ ಆಕ್ಸೈಡ್ ಮತ್ತು ಆಮ್ಲಜನಕ ಅರ್ಧರ್ಧ ಬೆರೆತ ಗ್ಯಾಸ್. ತಾಯಿಯೇ ಮಾಸ್ಕ್ ಹಿಡಿದು ಎಳೆದುಕೊಳ್ಳಬಹುದು. ನೋವು ಪೂರ್ತಿ ಹೋಗುವುದಿಲ್ಲ, ತಡೆಯುವಷ್ಟಾಗುತ್ತದೆ. ಇಂಜೆಕ್ಷನ್‌ಗಳೂ ಇವೆ, ಮಗುವಿಗೆ ಮಂಪರು ಬರಬಹುದಾದ್ದರಿಂದ ಸಮಯ ನೋಡಿ ಕೊಡಬೇಕು.

ಮಳೆಗಾಲದಲ್ಲಿ ತೋಟದ ಲೈನ್‌ಮನೆಯಿಂದ ಮಡಿಕೇರಿ ತಲುಪುವುದೇ ಕಷ್ಟ, ಅಲ್ಲಿ ಹೋಗಿ ಇದನ್ನೆಲ್ಲ ಕೇಳುವಷ್ಟು ತ್ರಾಣ ಯಾರಿಗಿರುತ್ತದೆ? ಅದಕ್ಕೇ ತಾಯಿ ಕಾರ್ಡ್ ಕೊಡುವಾಗಲೇ, ಯಾವ ಆಸ್ಪತ್ರೆಯಲ್ಲಿ ಏನು ಸಿಗುತ್ತದೆ, ಎಷ್ಟು ಖರ್ಚು ಎಂದು ಆರೋಗ್ಯ ಇಲಾಖೆಯವರು ಆಶಾ ಕಾರ್ಯಕರ್ತೆಯರಿಂದ ಹೇಳಿಸಲಿ. ಹಾಗೆಯೇ ಜೊತೆಗೆ ಮನೆಯ ಒಬ್ಬ ಹೆಂಗಸನ್ನಾದರೂ ಒಳಗೆ ಬಿಡಿ, ಇದಕ್ಕೇನು ಯಂತ್ರ ಬೇಕಾ?

– ಒಬ್ಬ ತಾಯಿ, ಸೋಮವಾರಪೇಟೆ