ಸರ್ವೀಸ್ ಮುಗಿದ ಕಾರಿನ ಟೈರಿನಲ್ಲಿ 44 ಪಿಎಸ್‌ಐ ಗಾಳಿ

ಗೆ,
ವ್ಯವಸ್ಥಾಪಕರು, ಸರ್ವೀಸ್ ವಿಭಾಗ

ವಿಷಯ: ನಾಲ್ಕೂ ಟೈರಿಗೆ ಮಿತಿಮೀರಿ ಗಾಳಿ ತುಂಬಿರುವ ಬಗ್ಗೆ

ಮಾನ್ಯರೇ,

ಕಳೆದ ವಾರ ನಿಮ್ಮಲ್ಲಿ ಕಾರು ಸರ್ವೀಸ್ ಮಾಡಿಸಿದೆ. ಮನೆಗೆ ತರುವಾಗಲೇ ಏನೋ ಸರಿಯಿಲ್ಲ ಅನ್ನಿಸಿತು. ಸಣ್ಣ ಕಲ್ಲು ಹತ್ತಿದರೂ ಸೊಂಟಕ್ಕೆ ಏಟು. ಒದ್ದೆ ರಸ್ತೆಯಲ್ಲಿ ಬ್ರೇಕ್ ಒತ್ತಿದರೆ ಗಾಡಿ ಜಾರಿತು. ಮುಂದಿನ ಗಾಡಿಗೆ ಒಂದು ಮೊಳ ಉಳಿದಿತ್ತು, ಅಷ್ಟೇ.

ಮರುದಿನ ಬೆಳಿಗ್ಗೆ, ಗಾಡಿ ಹೊರಗೆ ತೆಗೆಯುವ ಮೊದಲೇ, ನನ್ನ ಗೇಜ್ ಹಿಡಿದು ನೋಡಿದೆ. ಮುಂದಿನ ಎರಡರಲ್ಲಿ 44, ಹಿಂದೆ 43 ಮತ್ತು 45 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ). ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರ್‌ನಲ್ಲಿ ಬರೆದಿರುವುದು 33. ನಿಮ್ಮ ಜಾಬ್ ಕಾರ್ಡಿನಲ್ಲಿ ಮಾತ್ರ 'ಟೈರ್ ಗಾಳಿ' ಎದುರು ಚೆಂದದ ಟಿಕ್ ಇದೆ.

ಫೋನ್ ಮಾಡಿದೆ. "ಓಡಿ ಬಿಸಿಯಾಗಿರುತ್ತೆ ಸರ್, ಅದಕ್ಕೇ ಜಾಸ್ತಿ ತೋರಿಸುತ್ತೆ" ಅಂದರು ಒಬ್ಬರು. ರಾತ್ರಿಯಿಡೀ ನಿಂತ ಗಾಡಿ ಅದು. ಬಿಸಿಗೆ ಏರಿದರೂ ನಾಲ್ಕೈದು ಏರೀತು, ಹನ್ನೊಂದಲ್ಲ. ಇನ್ನೊಬ್ಬರು, "ಟೈರ್ ಮೇಲೇ 44 ಅಂತ ಇದೆಯಲ್ಲ" ಅಂದರು. ಗಾಬರಿಯಾಗಿದ್ದು ಇದಕ್ಕೇ. ಅದು ಆ ಟೈರಿನ ಗರಿಷ್ಠ ಮಿತಿ. ಈ ಕಾರಿಗೆ ಎಷ್ಟು ಬೇಕು ಅನ್ನುವ ಲೆಕ್ಕ ಸ್ಟಿಕ್ಕರ್‌ನಲ್ಲಿ ಇರುತ್ತದೆ. ಟೈರ್ ನೋಡಿಯೇ ಗಾಳಿ ಹಾಕುತ್ತಿದ್ದರೆ ನನ್ನದೊಂದೇ ಅಲ್ಲ, ನಿಮ್ಮಲ್ಲಿಗೆ ಬಂದ ಎಷ್ಟೋ ಗಾಡಿ ಹೀಗೇ ಹೋಗಿರಬೇಕು, ಅಲ್ವಾ?

ಗಾಳಿ ಜಾಸ್ತಿಯಾದ ಟೈರ್ ನಡುವೆ ಉಬ್ಬುತ್ತದೆ, ಅಂಚುಗಳು ನೆಲವನ್ನು ಸರಿಯಾಗಿ ಹಿಡಿಯುವುದಿಲ್ಲ. ನಡುಭಾಗ ಬೇಗ ಸವೆಯುತ್ತದೆ. ಗುಂಡಿಗೆ ಬಿದ್ದಾಗ ಬಾಗಿ ಏಟು ತಾಳಬೇಕಾದದ್ದು ಬಿಗಿದುಕೊಂಡೇ ಇರುತ್ತದೆ, ಒಳಗಿನ ನೂಲು ಹರಿಯಬಹುದು. ಸರ್ವೀಸ್ ಮುಗಿಸಿ ಮನೆಗೆ ತರುವಾಗ ದಾರಿಯಲ್ಲಿ ಒಂದು ಗುಂಡಿಗೆ ಇಳಿಸಿದ್ದೆ. ಈಗ ಮುಂದಿನ ಎಡ ಟೈರಿನ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಉಬ್ಬು ಎದ್ದಿದೆ. ಇಳಿಸಿದ್ದು ನಾನೇ, ಒಪ್ಪುತ್ತೇನೆ. ಆದರೆ ಅದೇ ಗುಂಡಿಗೆ ಇದೇ ಟೈರ್ ಹಿಂದೆ ಎಷ್ಟೋ ಸಲ ಇಳಿದಿದೆ, ಏನೂ ಆಗಿರಲಿಲ್ಲ. ಪಕ್ಕದ ಉಬ್ಬಿಗೆ ರಿಪೇರಿ ಇಲ್ಲ, ಓಡುವಾಗ ಸಿಡಿಯಬಹುದು ಅಂತ ನಿಮಗೆ ಹೇಳಬೇಕಾಗಿಲ್ಲ.

ಆ ಟೈರ್ ಪರೀಕ್ಷಿಸಿ ಬದಲಿಸಿಕೊಡಿ. ನಿಮ್ಮ ಗಾಳಿ ಯಂತ್ರದ ಗೇಜ್ ಸರಿಯಿದೆಯಾ ನೋಡಿ. ಜಾಬ್ ಕಾರ್ಡಿನಲ್ಲಿ ಸುಮ್ನೆ ಟಿಕ್ ಹಾಕುವ ಬದಲು ನಾಲ್ಕೂ ಟೈರಿನ ಅಂಕಿ ಬರೆಯಿರಿ. ಇತ್ತೀಚೆಗೆ ಸರ್ವೀಸ್ ಮಾಡಿಸಿದ ಉಳಿದವರಿಗೂ ಫೋನ್ ಮಾಡಿ ಗಾಳಿ ನೋಡಿಸಿಕೊಳ್ಳಲು ಹೇಳಿ. ಒಂದು ವಾರದಲ್ಲಿ ಉತ್ತರ ಬೇಕು.

ಸದ್ಯಕ್ಕೆ ಗಾಳಿ ಇಳಿಸಿ 33ಕ್ಕೆ ತಂದಿದ್ದೇನೆ. ಉಬ್ಬಿದ ಟೈರ್ ಬಿಚ್ಚಿ ಸ್ಟೆಪ್ನಿ ಹಾಕಿದ್ದೇನೆ. ಅದರಲ್ಲಿ ಇದ್ದದ್ದು 19. ಅದನ್ನು ನಿಮ್ಮವರು ಮುಟ್ಟೇ ಇರಲಿಲ್ಲ!

ಇಂತಿ,
ನಿಮ್ಮ ಗ್ರಾಹಕ