ಮಗಳೇ, ಅಜ್ಜಿಯ ಬಗ್ಗೆ ಬರಿ

ಪುಟ್ಟಿ,

ಅಜ್ಜಿಯ ಬಗ್ಗೆ ನಾಲ್ಕು ಸಾಲು ಬರೆಯಲು ಕೂತರೂ ಏನೂ ಹೊಳೆಯುತ್ತಿಲ್ಲ, ನನಗೆ ನಿಜವಾಗಿ ದುಃಖ ಆಗಿದೆಯೋ ಇಲ್ಲವೋ ಅಂತಲೇ ಅನುಮಾನ ಬರುತ್ತಿದೆ ಅಂತ ಬರೆದಿದ್ದೀಯಲ್ಲ, ಮೊದಲು ಆ ಅನುಮಾನ ಬಿಡು. ನನಗೂ ಗಂಟಲು ಕಟ್ಟಿದೆ. ಮಾತಾಡಿಸಲು ಬಂದವರಿಗೆಲ್ಲ "ಏನೋ, ಇದ್ದೀನಿ" ಅಂದಿದ್ದೇ ಜಾಸ್ತಿ.

ಅಜ್ಜಿಯನ್ನು ಜಗಲಿಯಲ್ಲಿ ಮಲಗಿಸಿದ್ದಾಗ ಹಿಂದಿನ ಬೀದಿಯ ಹೆಂಗಸರು ಬಂದು ಹಾಡಿಕೊಂಡು ಅತ್ತರಲ್ಲ, ನೀನು ಕಂಬ ಹಿಡಿದು ನಿಂತಿದ್ದೆ. ಅವರ ಮಾತು ಕೇಳಿಸಿಕೊಂಡೆಯಾ? ನೋವು, ಸಂಕಟ ಅಂತ ಒಬ್ಬರೂ ಅನ್ನಲಿಲ್ಲ. "ಮೆಣಸಿನಕಾಯಿ ತೊಟ್ಟು ಬಿಡಿಸೋಕೆ ಇನ್ಯಾರವ್ವ ನನ್ನ ಕರೀತಾರೆ, ಬಾಣಂತೀಗೆ ನೀರು ಹುಯ್ದ ಕೈ ತಣ್ಣಗಾಯ್ತಲ್ಲವ್ವ" ಅಂತ ಒಂದೊಂದನ್ನೇ ಎತ್ತಿ ಆಡಿ ಅತ್ತರು. ಅಲ್ಲಿವರೆಗೂ ತಡೆದುಕೊಂಡಿದ್ದೆ ಕಣೇ. ನೀರು ಹುಯ್ದ ಕೈ ಅಂದಿದ್ದೇ ತಡ, ಅಳು ಒತ್ತರಿಸಿಕೊಂಡು ಬಂತು. ನೀನು ಹುಟ್ಟಿದಾಗ ನನಗೆ ನೀರು ಹಾಕಿದ್ದೂ ಅದೇ ಕೈ ಅಲ್ವಾ.

ಅದಕ್ಕೇ ಹೇಳ್ತೀನಿ, ದುಃಖಕ್ಕೆ ತಕ್ಕ ದೊಡ್ಡ ಮಾತು ಹುಡುಕಬೇಡ. ಎಲೆಅಡಿಕೆ ಸಂಚಿಯಿಂದ ಮಡಚಿದ ಹತ್ತು ರೂಪಾಯಿ ತೆಗೆದು, ನಿಮ್ಮಮ್ಮನಿಗೆ ಹೇಳಬೇಡ ಅಂತ ನಿನ್ನ ಕೈಗೆ ತುರುಕುತ್ತಿದ್ದಳಲ್ಲ, ಆ ನೋಟಿಗೆ ಅಂಟಿದ್ದ ಸುಣ್ಣ, ಹೊಗೆಸೊಪ್ಪಿನ ವಾಸನೆ, ಅದನ್ನ ಬರಿ. (ನನಗೆಲ್ಲ ಗೊತ್ತಿತ್ತು.)

ನೀನು ಓದುವ ಸೈಕಾಲಜಿಯಲ್ಲೂ ಇದು ಬಂದಿರಬಹುದು. ಜೇಮ್ಸ್ ಪೆನ್ನಿಬೇಕರ್ ಅಂತ ಅಮೆರಿಕದ ಮನಶ್ಶಾಸ್ತ್ರಜ್ಞ, ಕಾಲೇಜು ಮಕ್ಕಳನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಕೂರಿಸಿ, ಮನಸ್ಸಿಗೆ ತುಂಬಾ ನೋವು ಕೊಟ್ಟಿದ್ದನ್ನು ಬರೆಸಿದ. ಅದು 1986ರಲ್ಲಿ ಪ್ರಕಟವಾಯಿತು. ಆಗಿದ್ದೇನು, ಆಗ ಅನಿಸಿದ್ದೇನು ಎರಡನ್ನೂ ಬರೆದವರು ಮುಂದಿನ ತಿಂಗಳುಗಳಲ್ಲಿ ಕಾಯಿಲೆ ಅಂತ ಡಾಕ್ಟರ ಹತ್ತಿರ ಹೋಗಿದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಹಗುರವಾಗಲಿಲ್ಲ, ಇನ್ನೂ ಕುಗ್ಗಿತ್ತು. ಇದನ್ನ ನೆನಪಿಟ್ಟುಕೋ. ಬರೆದು ಎದ್ದಾಗ ಅಳು ಬಂದರೆ ಹೆದರಬೇಡ, ಕಾಗದ ಹರಿಯಬೇಡ.

ಎಲ್ಲವನ್ನೂ ನನಗೆ ತೋರಿಸಬೇಕು ಅಂತೇನಿಲ್ಲ. ಒಂದೇ ಒಂದು ಮಾತ್ರ ಬೇಕು. ಬೇಸಿಗೆ ರಜೆಯಲ್ಲಿ ಅವಳ ಪಕ್ಕ ಮಲಗಿ ರಾತ್ರಿಯೆಲ್ಲ ಪಿಸುಗುಡುತ್ತಿದ್ದಿರಲ್ಲ, ಅವಳು ಹೇಳುತ್ತಿದ್ದಿದ್ದು ಏನು? ಅಮ್ಮನ ಆ ಮಾತುಗಳು ನಿನ್ನ ಹತ್ತಿರ ಮಾತ್ರ ಇವೆ. ಅದನ್ನ ಬರೆದು ಕಳಿಸು.

ನಿನ್ನ
ಅಮ್ಮ